ಅಮ್ಮ ಹೀಗೆ ಮಾತಾಡ್ತಿರಲಿಲ್ಲ

ಹೋದ ಯುಗಾದಿಯ ಹೊತ್ತಿಗೆ ಒಂದು ಕಥೆ ಮುಗಿಸಿ ತಂಗಿಗೆ ಕಳಿಸಿದೆ. ಅವಳು ತಿಪಟೂರಿನಲ್ಲಿ ಹೈಸ್ಕೂಲು ಟೀಚರ್. ಸಾಹಿತ್ಯದ ಹುಚ್ಚಿನವಳೇನಲ್ಲ. ಆದರೆ ಓದದೆಯೇ 'ಸೂಪರ್' ಎಂದು ಹೆಬ್ಬೆರಳಿನ ಚಿತ್ರ ಕಳಿಸುವ ಪೈಕಿಯೂ ಅಲ್ಲ. ಕಥೆಯಲ್ಲಿ ಒಬ್ಬ ತಾಯಿ ಇದ್ದಳು. ಹೆಸರು ಬದಲಿಸಿದ್ದೆ, ಊರು ಬದಲಿಸಿದ್ದೆ, ತೆಂಗಿನ ತೋಟದ ಬದಲು ಅಡಿಕೆ ತೋಟ ಮಾಡಿದ್ದೆ. ಆದರೂ ಅದು ನಮ್ಮ ಅಮ್ಮನೇ ಎಂದು ಬಂಧುಗಳಲ್ಲಿ ಯಾರಿಗಾದರೂ ಗೊತ್ತಾಗುವಂತಿತ್ತು. ಅಮ್ಮ ತೀರಿಕೊಂಡು ಆಗಿನ್ನೂ ಒಂದು ವರ್ಷದ ಮೇಲೆ ಎರಡು ತಿಂಗಳಾಗಿತ್ತು.

ಮಾರನೇ ದಿನ ತಂಗಿ ಫೋನ್ ಮಾಡಿದಳು. "ಓದಿದೆ ಅಣ್ಣ. ಚೆನ್ನಾಗಿದೆ. ಆದ್ರೆ ಅಮ್ಮ ಹೀಗೆ ಮಾತಾಡ್ತಿರಲಿಲ್ಲ. ಇದು ಯಾರು?"

ಅವಳು ಹೇಳುತ್ತಿದ್ದುದು ಯಾವ ಸಾಲಿನ ಬಗ್ಗೆ ಎಂದು ನನಗೆ ತಕ್ಷಣ ತಿಳಿಯಿತು. ಮಗ ಪುಣೆಗೆ ಹೊರಟು ನಿಂತಾಗ ತಾಯಿ ಹೇಳುತ್ತಾಳೆ: "ನೀನು ಹೋದ ಮೇಲೆ ಈ ಮನೆಯ ಗೋಡೆಗಳೂ ಮೌನವಾಗಿಬಿಡುತ್ತವೆ ಮಗನೇ." ಬರೆಯುವಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಅಮ್ಮ ನನ್ನನ್ನು ಜನ್ಮದಲ್ಲಿ ಒಮ್ಮೆಯೂ 'ಮಗನೇ' ಎಂದು ಕರೆದಿರಲಿಲ್ಲ.

ಆ ಫೋನ್ ಬಂದಾಗ ನಾನು ಕಥೆ ಬರೆಯುವುದನ್ನು ಒಂದು ಶಿಸ್ತು ಮಾಡಿಕೊಂಡು ಹನ್ನೊಂದು ತಿಂಗಳಾಗಿತ್ತು. ವೃತ್ತಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಯಾವ ಕೆಲಸವನ್ನಾದರೂ ಒಂದು ಸ್ಪ್ರೆಡ್‌ಶೀಟಿಗೆ ಇಳಿಸಿದರೆ ಅರ್ಧ ಮುಗಿದಂತೆ ಎಂದು ನಂಬಿ ಸಂಬಳ ತೆಗೆದುಕೊಳ್ಳುವವನು. ಹಾಗಾಗಿ ಬರವಣಿಗೆಗೂ ಒಂದು ಹಾಳೆ: ತಾರೀಕು, ಕುಳಿತ ಹೊತ್ತು, ಎದ್ದ ಹೊತ್ತು, ಪದಗಳ ಸಂಖ್ಯೆ. ದಿನಕ್ಕೆ 400 ಪದ ದಾಟಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೋಥ್ರೂಡಿನಿಂದ ಹಿಂಜವಡಿಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುವಾಗ ಮೊಬೈಲಿನಲ್ಲೇ ಟೈಪ್ ಮಾಡುತ್ತಿದ್ದೆ. ವಾಕಡ್ ಸೇತುವೆಯ ಟ್ರಾಫಿಕ್ ಜಾಮಿಗೆ ನನ್ನಷ್ಟು ಕೃತಜ್ಞನಾದ ಮನುಷ್ಯ ಪುಣೆಯಲ್ಲಿ ಇನ್ನೊಬ್ಬ ಇರಲಾರ. ಹನ್ನೊಂದು ತಿಂಗಳಲ್ಲಿ ಒಂಬತ್ತು ಕಥೆ. ಹಾಳೆ ತುಂಬ ಹಸಿರು.

ಈ ಶಿಸ್ತನ್ನು ನಾನು ಕಲಿತದ್ದು ಆಂಟನಿ ಟ್ರಾಲಪ್‌ನಿಂದ. ಕೆಲಸದ ಜೊತೆಗೆ ಬರೆಯಲು ಹೊರಟವರೆಲ್ಲ ಒಂದಲ್ಲ ಒಂದು ದಿನ ಅವನನ್ನು ಹುಡುಕಿಕೊಂಡು ಹೋಗುತ್ತೇವೆ. ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿ ಮೂವತ್ಮೂರು ವರ್ಷ ನೌಕರಿ ಮಾಡಿದವನು. 47 ಕಾದಂಬರಿ ಬರೆದ. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದ. ಎಬ್ಬಿಸಲೆಂದೇ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆ ಕೊಡುತ್ತಿದ್ದ. ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಪದ. ರೈಲಿನಲ್ಲಿ ತೊಡೆಯ ಮೇಲೆ ಒಂದು ಪುಟ್ಟ ಹಲಗೆ ಇಟ್ಟುಕೊಂಡು ಪೆನ್ಸಿಲಿನಲ್ಲಿ ಬರೆಯುತ್ತಿದ್ದ, ಹೆಂಡತಿ ಅದನ್ನು ಪ್ರತಿ ಮಾಡುತ್ತಿದ್ದಳು. ಇದನ್ನೆಲ್ಲ ಅವನೇ ಆತ್ಮಕಥೆಯಲ್ಲಿ ಬರೆದಿಟ್ಟ. ಸತ್ತ ಮೇಲೆ, 1883ರಲ್ಲಿ, ಅದು ಅಚ್ಚಾದಾಗ ಇಂಗ್ಲೆಂಡಿನ ಸಾಹಿತ್ಯವಲಯ ಮೂಗು ಮುರಿಯಿತಂತೆ. ಕಲೆ ಎಂದರೆ ಗಡಿಯಾರ ನೋಡಿ ಮಾಡುವ ಗುಮಾಸ್ತಿಕೆಯೇ ಎಂದು. ನಮ್ಮಂಥವರಿಗೆ ಮಾತ್ರ ಅದು ಪರಮಸಮಾಧಾನ.

ತಂಗಿಯ ಫೋನ್ ಬಂದ ವಾರ ಆ ಆತ್ಮಕಥೆಯನ್ನು ಮತ್ತೆ ತೆಗೆದೆ. ಗಡಿಯಾರದ ಪುಟದಲ್ಲೇ ಇನ್ನೊಂದು ಮಾತಿದೆ. ಎಲ್ಲರೂ ಉದ್ಧರಿಸುವ ಆ 250 ಪದದ ಪಕ್ಕದಲ್ಲೇ ಇದ್ದರೂ ಅದನ್ನು ಯಾರೂ ಉದ್ಧರಿಸುವುದಿಲ್ಲ, ಮೊದಲ ಸಲ ಓದುವಾಗ ನಾನೂ ದಾಟಿಕೊಂಡು ಹೋಗಿದ್ದೆ. ಬೆಳಗಿನ ಮೂರು ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಅವನು ಹೊಸದೇನೂ ಬರೆಯುತ್ತಿರಲಿಲ್ಲ. ಹಿಂದಿನ ದಿನದ ಬರಹವನ್ನು ಓದುತ್ತಿದ್ದ. ಓದುವುದೆಂದರೆ ಮುಖ್ಯವಾಗಿ ಪದಗಳ, ನುಡಿಗಟ್ಟುಗಳ ಸದ್ದನ್ನು ಕಿವಿಯಲ್ಲಿ ತೂಗಿ ನೋಡುವುದು ಎನ್ನುತ್ತಾನೆ.

ಇನ್ನೊಂದು ವಿಷಯ ಅವನ ನೌಕರಿಯದು. 1841ರಲ್ಲಿ ಐರ್ಲೆಂಡಿಗೆ ವರ್ಗವಾಯಿತು. ಮುಂದೆ 1850ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ನೈಋತ್ಯ ಜಿಲ್ಲೆಗಳಲ್ಲಿ ಹಳ್ಳಿ ಹಳ್ಳಿಗೆ ಟಪಾಲು ಹಂಚುವ ದಾರಿಗಳನ್ನು ಗುರುತು ಮಾಡುವ ಕೆಲಸ. ಕುದುರೆ ಹತ್ತಿ ದಿನವಿಡೀ ತಿರುಗಾಟ, ರೈತರ ಮನೆ ಬಾಗಿಲಲ್ಲಿ ನಿಂತು ನಿಮಗೆ ಕಾಗದ ಹೇಗೆ ಬರುತ್ತದೆ, ಯಾರು ತರುತ್ತಾರೆ ಎಂಬ ವಿಚಾರಣೆ. ಈ ಓಡಾಟದಲ್ಲೇ ಸಾಲ್ಸ್‌ಬರಿ ಪಟ್ಟಣದಲ್ಲಿ ಅವನಿಗೆ 'ದಿ ವಾರ್ಡನ್' ಕಾದಂಬರಿ ಹೊಳೆದದ್ದು. ಅದು 1855ರಲ್ಲಿ ಬಂತು. ನಾನು ಅವನಿಂದ ಗಡಿಯಾರವನ್ನು ಮಾತ್ರ ತಂದುಕೊಂಡಿದ್ದೆ. ಕುದುರೆಯೂ ಅಲ್ಲೇ ಉಳಿದಿತ್ತು, ಕಿವಿಯೂ ಅಲ್ಲೇ ಉಳಿದಿತ್ತು.

ಇದು ನನ್ನೊಬ್ಬನ ಕಥೆಯಾಗಿದ್ದರೆ ಡೈರಿಯಲ್ಲಿ ಬರೆದುಕೊಂಡು ಸುಮ್ಮನಾಗಬಹುದಿತ್ತು. ಆದರೆ ನಮ್ಮಂಥ ವಲಸಿಗರ ಬಳಗಗಳಲ್ಲಿ ಬರುವ ಕಥೆಗಳನ್ನು ನಾಲ್ಕೈದು ವರ್ಷದಿಂದ ಓದುತ್ತಿದ್ದೇನೆ, ಕೆಲವಕ್ಕೆ ಮೊದಲ ಓದುಗನಾಗಿಯೂ ಇದ್ದೇನೆ. ವಸ್ತುವಿನ ಬಗ್ಗೆ ನನ್ನ ತಕರಾರಿಲ್ಲ. ಅಜ್ಜಿ ಮನೆ, ಹಂಡೆ ಒಲೆ, ಮಾರಿಹೋದ ಗದ್ದೆ, ವೀಸಾ, ಒಂಟಿ ಫ್ಲ್ಯಾಟು, ಲೇ ಆಫು, ಯಾವುದರ ಮೇಲಾದರೂ ಒಳ್ಳೆಯ ಕಥೆ ಬರಬಹುದು. ತಕರಾರು ಮಾತಿನ ಬಗ್ಗೆ. ನಮ್ಮ ಕಥೆಗಳಲ್ಲಿ ಅಜ್ಜಿ, ವಕೀಲ, ಕೂಲಿಯವನು, ಐದು ವರ್ಷದ ಮಗು ಎಲ್ಲರೂ ಒಂದೇ ಕನ್ನಡ ಮಾತಾಡುತ್ತಾರೆ. ಅದು ಭಾನುವಾರದ ಪುರವಣಿಯ ಕನ್ನಡ. ಎಲ್ಲರೂ ವಾಕ್ಯವನ್ನು ಪೂರ್ಣವಿರಾಮದವರೆಗೆ ಮುಗಿಸುತ್ತಾರೆ. ಒಬ್ಬರು ಕೇಳಿದ ಪ್ರಶ್ನೆಗೇ ಇನ್ನೊಬ್ಬರು ಉತ್ತರ ಕೊಡುತ್ತಾರೆ. ನಿಮ್ಮ ಮನೆಯಲ್ಲಿ ಕೊನೆಯ ಸಲ ಹಾಗೆ ನಡೆದದ್ದು ಯಾವಾಗ?

ಕಾರಣ ಪ್ರತಿಭೆಯ ಕೊರತೆಯಲ್ಲ. ಊರು ಬಿಟ್ಟು ಹದಿನೈದು, ಇಪ್ಪತ್ತು ವರ್ಷವಾದವರಿಗೆ ಕನ್ನಡ ಬರುವುದು ಕಣ್ಣಿನಿಂದ. ಆಫೀಸು ಇಂಗ್ಲಿಷು, ತರಕಾರಿ ಮರಾಠಿ, ಮಕ್ಕಳ ಜಗಳ ಹಿಂದಿ. ಕನ್ನಡ ಎಂದರೆ ಪುಸ್ತಕ, ಪತ್ರಿಕೆ, ಮೊಬೈಲಿನ ಪರದೆ. ಹಾಗೆ ಬಂದ ಭಾಷೆ ವಿವರಣೆಗೆ ಒದಗುತ್ತದೆ, ಪ್ರಬಂಧಕ್ಕೂ ಒದಗುತ್ತದೆ. ಪಾತ್ರ ಬಾಯಿ ತೆರೆದ ಕೂಡಲೇ ಸಿಕ್ಕಿಬೀಳುತ್ತದೆ.

ಮನೆಮಾತು ಬೇರೆಯಾಗಿಯೂ ಕನ್ನಡದಲ್ಲಿ ಬರೆದವರಿಲ್ಲವೇ ಎಂದು ಕೇಳಬಹುದು. ಮಾಸ್ತಿಯವರ ಮನೆಮಾತು ತಮಿಳು. ಬೇಂದ್ರೆಯವರದು ಮರಾಠಿ, ಮೇಲಾಗಿ ಅವರು ನಮ್ಮ ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು. ಆದರೆ ಗಮನಿಸಿ, ಅವರಿಬ್ಬರಿಗೂ ಬೀದಿ ಕನ್ನಡದ್ದು. ಮಾಸ್ತಿಯವರಿಗೆ ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಊರೂರಿಗೆ ಹೋಗುವ ಕೆಲಸವಿತ್ತು, ಬೇಂದ್ರೆಯವರಿಗೆ ಧಾರವಾಡವೇ ಇತ್ತು. ನಮ್ಮದು ತಿರುವುಮುರುವು. ಮನೆ ಕನ್ನಡ, ಬೀದಿ ಮರಾಠಿ. ಇದಕ್ಕೆ ಉತ್ತರ ಬೇಕಾದರೆ ಮುಂಬಯಿಗೆ ಹೋದವರ ಬಳಿ ಕೇಳಬೇಕು.

ಯಶವಂತ ಚಿತ್ತಾಲರು ಹನೇಹಳ್ಳಿಯಿಂದ ಮುಂಬಯಿಗೆ ಹೋದವರು, ಕೆಮಿಕಲ್ ಟೆಕ್ನಾಲಜಿ ಓದಿದವರು, ಅಮೆರಿಕದ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಲ್ಲೂ ಕಲಿತವರು, ಪಾಲಿಮರ್ ಉದ್ಯಮದಲ್ಲಿ ಎತ್ತರದ ಹುದ್ದೆಯಲ್ಲಿದ್ದುಕೊಂಡೇ ಬರೆದವರು. ನಮ್ಮ ಬಳಗಕ್ಕೆ ಇವರಷ್ಟು ಹತ್ತಿರದ ಹಿರಿಯ ಬೇರೆ ಯಾರು? ಅವರ 'ಶಿಕಾರಿ' 1979ರದು. ಅದರ ನಾಗಪ್ಪ ಮುಂಬಯಿಯ ಒಂದು ಕಂಪನಿಯ ಅಧಿಕಾರಿ, ಕೆಲಸದಿಂದ ಅಮಾನತಾದವನು. ಯಾರು, ಯಾಕೆ, ಎಲ್ಲಿಂದ ತನ್ನ ಬೇಟೆಯಾಡುತ್ತಿದ್ದಾರೆ ಎಂದು ತಿಳಿಯದೆ ಒದ್ದಾಡುವವನು. ಎಂಟೆಕ್ ಓದುವಾಗ ಇದನ್ನೊಮ್ಮೆ ಓದಿ 'ಸ್ವಲ್ಪ ಉದ್ದವಾಯಿತು' ಎಂದಿದ್ದೆ. ನಲವತ್ತು ದಾಟಿ, ಎರಡು ಸಲ ಆಫೀಸಿನ ಪುನರ್ರಚನೆ ಎಂಬುದನ್ನು ಕಂಡ ಮೇಲೆ ಓದಿದಾಗ ಒಂದು ಪುಟವೂ ಉದ್ದ ಅನ್ನಿಸಲಿಲ್ಲ.

ಈ ಸಲ ನಾನು ನೋಡಿದ್ದು ಅವರು ಮಾತಿನ ಸಮಸ್ಯೆಯನ್ನು ಹೇಗೆ ಬಿಡಿಸಿಕೊಂಡರು ಎಂದು. ನಾಗಪ್ಪನ ಆಫೀಸು ಇಂಗ್ಲಿಷಿನದು, ಪತ್ರಗಳು ಇಂಗ್ಲಿಷಿನವು, ಶತ್ರುಗಳು ಕನ್ನಡದವರೇ ಆಗಬೇಕಿಲ್ಲ. ಆದರೆ ಅವನ ಭಯ ಕನ್ನಡದ್ದು. ಅನುಮಾನ, ಲೆಕ್ಕಾಚಾರ, ಬಾಲ್ಯದ ಹೆದರಿಕೆ ಎಲ್ಲ ತಲೆಯೊಳಗೆ ನಡೆಯುತ್ತವೆ, ಅಲ್ಲಿ ಆಫೀಸಿನ ಇಂಗ್ಲಿಷಿಗೆ ಪ್ರವೇಶವಿಲ್ಲ. ಕಾದಂಬರಿಯ ಬಹುಭಾಗವನ್ನು ಚಿತ್ತಾಲರು ಆ ತಲೆಯೊಳಗೇ ನಡೆಸುತ್ತಾರೆ. ಅದು ತತ್ವಜ್ಞಾನದ ಆಯ್ಕೆ ಎಂದು ವಿಮರ್ಶಕರು ಹೇಳುತ್ತ ಬಂದಿದ್ದಾರೆ, ಇರಬಹುದು. ಮುಂಬಯಿಯಲ್ಲಿ ಕೂತು ಕನ್ನಡ ಬರೆಯುವ ಒಬ್ಬ ಉದ್ಯೋಗಿಗೆ ಅದು ಕಸುಬಿನ ಆಯ್ಕೆಯೂ ಹೌದು ಎಂದು ನನಗನ್ನಿಸುತ್ತದೆ. ಆದರೆ ಈ ದಾರಿಗೆ ಒಂದು ಷರತ್ತಿದೆ. ಪಾತ್ರ ಕನ್ನಡದವನಾಗಿರಬೇಕು.

ಜಯಂತ ಕಾಯ್ಕಿಣಿ ಆ ಷರತ್ತನ್ನೇ ತೆಗೆದುಹಾಕಿದರು. ಗೋಕರ್ಣದವರು, ಜೀವರಸಾಯನ ಓದಿ ಮುಂಬಯಿಯ ಔಷಧ ಉದ್ಯಮದಲ್ಲಿ ದುಡಿದವರು. ಅವರ ಮುಂಬಯಿ ಕಥೆಗಳಲ್ಲಿ ಬರುವವರು ದಗಡೂ ಪರಬ, ಆಸಾವರಿ ಲೋಖಂಡೆ. ಇವರು ನಿಜದಲ್ಲಿ ಮರಾಠಿಯಲ್ಲೋ ಮುಂಬಯಿ ಹಿಂದಿಯಲ್ಲೋ ಮಾತಾಡುವವರು. ಕಥೆಯಲ್ಲಿ ಕನ್ನಡ ಮಾತಾಡುತ್ತಾರೆ. ಓದುವಾಗ ನಮಗೆ ಒಮ್ಮೆಯೂ 'ಇವರು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆ' ಎಂಬ ಪ್ರಶ್ನೆ ಏಳುವುದಿಲ್ಲ. ನಾನು ಪುಣೆಯ ರಿಕ್ಷಾದವನ ಬಾಯಲ್ಲಿ ಕನ್ನಡ ಹಾಕಿದರೆ ಎರಡನೇ ವಾಕ್ಯಕ್ಕೇ ಆ ಪ್ರಶ್ನೆ ಎದ್ದು ನಿಲ್ಲುತ್ತದೆ. ತಪ್ಪಿಸಿಕೊಳ್ಳಲು 'ಕಾಯ್ ಸಾಹೇಬ್', 'ಅರೆ ಬಾಬಾ' ಎಂದು ನಾಲ್ಕು ಮರಾಠಿ ಒಗ್ಗರಣೆ ಹಾಕುತ್ತೇನೆ. ನಮ್ಮಲ್ಲಿ ಬಹಳ ಜನ ಹಾಕುತ್ತೇವೆ. ಅದು ಇನ್ನೂ ಕೆಡುತ್ತದೆ.

'ನೋ ಪ್ರೆಸೆಂಟ್ಸ್ ಪ್ಲೀಸ್' ಕಥೆಯನ್ನು ಇದಕ್ಕಾಗಿಯೇ ಮೂರು ಸಲ ಓದಿದೆ. ಮದುವೆಯಾಗಲಿರುವ ಒಂದು ಜೋಡಿ ತಮ್ಮ ಆಮಂತ್ರಣ ಪತ್ರಿಕೆಯನ್ನು ಬರೆಯಲು ಕೂರುತ್ತದೆ. ಪತ್ರಿಕೆಯಲ್ಲಿ ಹೆಸರು ಹೇಗೆ ಬರಬೇಕು, ಯಾರ ಹೆಸರು ಬರಬೇಕು ಎಂಬಲ್ಲಿಂದ ಅವರ ಇಡೀ ಬದುಕು ಬಿಚ್ಚಿಕೊಳ್ಳುತ್ತದೆ. ಇಲ್ಲಿ ಮಾತು ಮಾತಿಗಾಗಿ ಇಲ್ಲ. ಇಬ್ಬರ ಮುಂದೆ ಒಂದು ಕೆಲಸವಿದೆ, ಮಾತು ಆ ಕೆಲಸಕ್ಕೆ ಅಂಟಿಕೊಂಡಿದೆ. 'ಅಪೆರಾ ಹೌಸ್' ಕಥೆಯಲ್ಲೂ ಹಾಗೇ. ಥಿಯೇಟರಿನ ಕಸ ಗುಡಿಸುವವನಿಗೆ ಯಾರೋ ಮರೆತುಹೋದ ಒಂದು ಫ್ಲಾಸ್ಕು ಸಿಗುತ್ತದೆ, ಕಥೆ ಅದರ ಸುತ್ತ ಬೆಳೆಯುತ್ತದೆ. ಕೈಯಲ್ಲಿ ವಸ್ತುವಿದ್ದಾಗ, ಎದುರಿಗೆ ಮುಗಿಸಬೇಕಾದ ಕೆಲಸವಿದ್ದಾಗ, ಮನುಷ್ಯರು ಯಾವ ಭಾಷೆಯಲ್ಲಾದರೂ ಒಂದೇ ರೀತಿ ತುಂಡು ತುಂಡಾಗಿ ಮಾತಾಡುತ್ತಾರೆ. ಹಾಗಾಗಿ ಕನ್ನಡ ಅಲ್ಲಿ ಸಲೀಸಾಗಿ ಕೂರುತ್ತದೆ. ನನ್ನ ಕಥೆಗಳಲ್ಲಿ ಜನ ಕೈಕಟ್ಟಿ ಕೂತು, ಒಬ್ಬರ ಮುಖ ಒಬ್ಬರು ನೋಡುತ್ತ, ತಮ್ಮ ಭಾವನೆಗಳ ಬಗ್ಗೆ ಮಾತಾಡುತ್ತಿದ್ದರು. ಒಂಬತ್ತೂ ಕಥೆ ತೆಗೆದು ನೋಡಿದೆ. ಏಳರಲ್ಲಿ ಮುಖ್ಯ ಸಂಭಾಷಣೆ ನಡೆಯುವಾಗ ಯಾರ ಕೈಯಲ್ಲೂ ಏನೂ ಇಲ್ಲ. ಎರಡರಲ್ಲಿ ಕಾಫಿ ಲೋಟ ಇದೆ, ಯಾರೂ ಕುಡಿಯುವುದಿಲ್ಲ.

ಮುಂಬಯಿಯ ಕಾಯ್ಕಿಣಿಗೆ ಸಿಕ್ಕ ಆ ಬೀದಿ ನಮಗೆ ಪುಣೆಯಲ್ಲಿ ಇಲ್ಲವೇ? ಇದೆ, ಅದರಲ್ಲಿ ಕನ್ನಡವೂ ಇದೆ. ನಮ್ಮ ಐಟಿ ಕನ್ನಡಿಗರು ಕನ್ನಡ ಎಂದರೆ ಏರಂಡವಣೆಯ ಕನ್ನಡ ಸಂಘ, ಉಡುಪಿ ಹೋಟೆಲಿನ ಗಲ್ಲಾ ಎಂದುಕೊಂಡಿರುತ್ತೇವೆ. ನಾವು ಕಂತು ಕಟ್ಟುತ್ತಿರುವ ಗೋಪುರಗಳನ್ನು ಕಟ್ಟಿದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಕೂಲಿಕಾರರು ಎಷ್ಟೋ ಜನ. ನಮ್ಮ ಸೊಸೈಟಿಯ ರಾತ್ರಿ ಕಾವಲಿನವರು ಸುರಪುರದ ಕಡೆಯವರು. ಅವರನ್ನು ಪಾತ್ರ ಮಾಡಿಕೊಂಡು ನಾನೊಂದು ಕಥೆ ಬರೆದಿದ್ದೆ, ಆ ಒಂಬತ್ತರಲ್ಲಿ ಅದೂ ಒಂದು. ತಂಗಿಯ ಮಾತಿನ ನಂತರ ಧೈರ್ಯ ಮಾಡಿ ಒಂದು ರಾತ್ರಿ ಕುರ್ಚಿ ಎಳೆದುಕೊಂಡು ಅವರಿಗೇ ಓದಿ ಹೇಳಿದೆ. ಅದರಲ್ಲಿ ಮೇಲ್ವಿಚಾರಕನೊಬ್ಬ ಎರಡು ತಿಂಗಳ ಪಗಾರ ತಡೆದಾಗ ಕಾವಲುಗಾರ ನ್ಯಾಯ, ಬೆವರು, ಮಣ್ಣು ಎಂದೆಲ್ಲ ಎಂಟು ವಾಕ್ಯ ಮಾತಾಡುತ್ತಾನೆ. ಅವರು ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಛಲೋ ಅದ ರೀ. ಆದ್ರ ಅವಾ ಇಷ್ಟು ಮಾತಾಡಿದ್ರ ಮರುದಿನ ಕೆಲಸ ಇರಂಗಿಲ್ರಿ" ಎಂದರು. ಹಾಗಾದರೆ ಅವನು ಏನನ್ನಬೇಕು ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಏನೂ ಅನ್ನಂಗಿಲ್ರಿ. 'ಸಾಹೇಬ್ರ, ಹುಡುಗುನ ಫೀ ತುಂಬೋದದ' ಅಂತಾನ. ಮತ್ತ ಗೇಟ್ ಹತ್ರ ಹೋಗಿ ಕುಂದ್ರತಾನ" ಎಂದರು.

ನಾನು ಎಂಟು ವಾಕ್ಯಕ್ಕೆ ಪಟ್ಟ ಪಾಡು, 142 ಪದ, ಹಸಿರು ಚೌಕ. ಅದರ ಜಾಗದಲ್ಲಿ ಒಂದೇ ಸಾಲು.

ಕಂಡ ಕಂಡವರ ಮಾತನ್ನು ಕದಿಯುವುದೇ ಕಥೆಗಾರಿಕೆ ಎಂದು ಹೇಳುತ್ತಿಲ್ಲ. ಉಪಭಾಷೆಯನ್ನು ಉಪ್ಪಿನಕಾಯಿಯಂತೆ ಬಡಿಸುವ ಕಥೆಗಳೂ ನಮ್ಮಲ್ಲಿ ಸಾಕಷ್ಟಿವೆ. ಪ್ರತಿ ಸಾಲಿಗೂ 'ರೀ', 'ನೋಡ್ರಿ' ಸೇರಿಸಿದ ಮಾತ್ರಕ್ಕೆ ಉತ್ತರ ಕರ್ನಾಟಕ ಬರುವುದಿಲ್ಲ. ಕಾವಲಿನವರು ನನಗೆ ತಿದ್ದಿದ್ದು ಪ್ರತ್ಯಯವನ್ನಲ್ಲ. ಯಾರ ಎದುರು ಯಾರು ಎಷ್ಟು ಮಾತಾಡಬಹುದು ಎಂಬುದನ್ನು.

ಇಲ್ಲಿ ನಮ್ಮ ಎದುರುಮುಖದ ಒಬ್ಬರನ್ನು ನೆನೆಯಬೇಕು. ಜಿ.ಎ. ಕುಲಕರ್ಣಿ, ಮರಾಠಿಯ ಬಹುದೊಡ್ಡ ಕಥೆಗಾರ. ಬೆಳಗಾವಿ ಕಡೆಯವರು, ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ ಬದುಕಿನ ಬಹುಪಾಲು ಅಲ್ಲೇ ಕಳೆದವರು. ಬೀದಿ ಕನ್ನಡದ್ದು, ಬರವಣಿಗೆ ಮರಾಠಿ. 'ಕಾಜಳಮಾಯಾ'ದಂಥ ಸಂಕಲನಗಳು ಬಂದದ್ದು ಮರಾಠಿ ಸಾಹಿತ್ಯದ ರಾಜಧಾನಿಯಾದ ಪುಣೆಯಿಂದಲ್ಲ, ಧಾರವಾಡದಿಂದ. ಕೊನೆಗಾಲದಲ್ಲಿ ಪುಣೆಗೆ ಬಂದು 1987ರಲ್ಲಿ ಇಲ್ಲೇ ತೀರಿಕೊಂಡರು. ನನಗೆ ಬರುವ ಮರಾಠಿಯಲ್ಲಿ ಅವರ ಕಥೆಗಳನ್ನು ನಿಧಾನವಾಗಿ, ಒಮ್ಮೊಮ್ಮೆ ಪಕ್ಕದ ಮನೆಯ ಅಜ್ಜನನ್ನು ಕೇಳಿಕೊಂಡು ಓದುತ್ತಿದ್ದೇನೆ. ಭಾಷೆಯ ಊರಿನಿಂದ ದೂರ ಇರುವುದೇ ಬರಹ ಸೊರಗಲು ಕಾರಣ ಎಂಬ ನೆಪ ಅವರನ್ನು ಓದಿದ ಮೇಲೆ ನನ್ನ ಬಾಯಲ್ಲಿ ಬರುತ್ತಿಲ್ಲ.

ಸ್ಪ್ರೆಡ್‌ಶೀಟು ಈಗಲೂ ಇದೆ, ಕೆಲಸದ ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆದರೆ ಪದಗಳ ಕಾಲಂ ಅಳಿಸಿದೆ. ಈಗ ಇರುವುದು ಎರಡೇ. ಇವತ್ತು ಏನನ್ನು ಕೇಳಿಸಿಕೊಂಡೆ, ಇವತ್ತು ಏನನ್ನು ಹೊಡೆದುಹಾಕಿದೆ. ಬಸ್ಸಿನಲ್ಲಿ ಬೆಳಿಗ್ಗೆ ಹೊಸದು ಬರೆಯುವುದಿಲ್ಲ, ಹಿಂದಿನ ದಿನದ್ದನ್ನು ತುಟಿ ಅಲ್ಲಾಡಿಸಿ ಓದುತ್ತೇನೆ. ಪಕ್ಕದಲ್ಲಿ ಕೂರುವ ಟೆಸ್ಟಿಂಗ್ ತಂಡದ ಹುಡುಗ ನಾನು ಜಪ ಮಾಡುತ್ತೇನೆಂದು ತಿಳಿದಿದ್ದಾನೆ. ಎಂಟು ತಿಂಗಳಲ್ಲಿ ಒಂದೂ ಕಥೆ ಮುಗಿದಿಲ್ಲ. ನನ್ನ ಪ್ರಾಜೆಕ್ಟಿನಲ್ಲಿ ಯಾರಾದರೂ ಹೀಗೆ ವರದಿ ಕೊಟ್ಟಿದ್ದರೆ ಮೀಟಿಂಗ್ ಕರೆಯುತ್ತಿದ್ದೆ.

ಇನ್ನೊಂದು ಅಭ್ಯಾಸ ಭಾನುವಾರದ್ದು. ಹೇಳಲು ಸ್ವಲ್ಪ ಕಷ್ಟ. ಅಮ್ಮನಿಗೆ ಟೈಪ್ ಮಾಡಲು ಬರುತ್ತಿರಲಿಲ್ಲ, ವಾಟ್ಸಾಪಿನಲ್ಲಿ ವಾಯ್ಸ್ ನೋಟ್ ಕಳಿಸುತ್ತಿದ್ದಳು. ಮೂರು ವರ್ಷದವು ಫೋನಿನಲ್ಲಿ ಹಾಗೇ ಇದ್ದವು. ತೀರಿಕೊಂಡ ಮೇಲೆ ಒಂದನ್ನೂ ತೆರೆದಿರಲಿಲ್ಲ. ತಂಗಿ ಹಾಗೆಂದ ಮೇಲೆ, ವಾರಕ್ಕೊಂದು, ಕಿವಿಗೆ ಹಾಕಿಕೊಂಡು ಅಕ್ಷರ ಅಕ್ಷರ ಬರೆದುಕೊಳ್ಳುತ್ತಿದ್ದೇನೆ. ಒಂದು ಹೀಗಿದೆ: "ಹಲೋ... ಕೇಳ್ತಿದ್ಯಾ... ಇದು ಒತ್ಕೊಂಡೇ ಇರ್ಬೇಕೇನೋ. ಊಟ ಆಯ್ತಾ. ಕೊಬ್ರಿ ಹದಿನಾರು ಸಾವ್ರ ಆಯ್ತಂತೆ, ಅಲ್ಲ, ಹದಿನೇಳು. ಆ ಮೂಲೆ ಮನೆಯವ್ರು ಹೋದ್ರು ಪಾಪ. ನಿನ್ ರೂಮಿಂದು ಫ್ಯಾನು ಸದ್ದು ಮಾಡ್ತಿತ್ತಲ್ಲ, ಈಗ ಮಾಡಲ್ಲ. ಇರು, ಹಾಲು—"

ಅಷ್ಟೇ. ಹಾಲು ಉಕ್ಕಿತೋ ಇಲ್ಲವೋ ಗೊತ್ತಿಲ್ಲ. ಒಂದು ವಾಕ್ಯವೂ ಮುಗಿಯುವುದಿಲ್ಲ, ಸಾವು ಕೊಬ್ಬರಿಯ ಬೆಲೆಗೂ ಫ್ಯಾನಿಗೂ ನಡುವೆ ಬಂದು ಹೋಗುತ್ತದೆ. ನಾನು ಊರಿಗೆ ಹೋಗಲು ಆಗ ಇನ್ನೂ ಐದು ತಿಂಗಳಿತ್ತು. ನನ್ನ ಖಾಲಿ ರೂಮಿನ ಫ್ಯಾನಿನ ಸದ್ದನ್ನು ಆಕೆ ಹೋಗಿ ಕೇಳಿಸಿಕೊಂಡು ಬರುತ್ತಿದ್ದಳು ಎಂಬುದು ಬರೆದುಕೊಳ್ಳುವ ತನಕ ನನಗೆ ಹೊಳೆದಿರಲಿಲ್ಲ. ಅದನ್ನು ಮೊದಲು ಕೇಳಿದಾಗ ಆಫೀಸಿನ ಲಿಫ್ಟಿನಲ್ಲಿದ್ದೆ, 'ಓಕೆ ಅಮ್ಮ' ಎಂದು ಉತ್ತರ ಕಳಿಸಿದ್ದು ಕೆಳಗೇ ಇದೆ.

ಹಳೆಯ ಕಥೆಯಲ್ಲಿ ಮೌನವಾದ ಗೋಡೆಗಳ ಸಾಲು ತೆಗೆದು ಅಲ್ಲಿ ಫ್ಯಾನು ಹಾಕಿದೆ. ಅಡಿಕೆ ತೋಟವನ್ನು ತೆಂಗಿಗೆ ವಾಪಸು ತಂದೆ. ಏಳನೇ ಸಲದ ಪ್ರತಿಯನ್ನು ಹೋದ ವಾರ ತಂಗಿಗೆ ಕಳಿಸಿದೆ. ರಾತ್ರಿ ಫೋನ್ ಬಂತು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇದು ಅಮ್ಮನೇ" ಎಂದಳು. "ಆದ್ರೆ ಫ್ಯಾನ್ ರಿಪೇರಿ ಮಾಡ್ಸಿದ್ದು ನಾನು. ಅದನ್ನ ಸರಿ ಮಾಡು."